ಏರು ಹತ್ತದ ವ್ಯಾನು: ಎಂಜಿನು ಬಿಚ್ಚುವ ಮೊದಲು

ಸಮತಟ್ಟಾದ ದಾರಿಯಲ್ಲಿ ಸರಾಗವಾಗಿ ಓಡುತ್ತಿದ್ದ ಹಳೆಯ ವ್ಯಾನು, ಹಿಂದೆ ಒಂದು ಟ್ರೈಲರನ್ನು ಕಟ್ಟಿಕೊಂಡು ಗುಡ್ಡೆಯ ಏರಿಗೆ ಬಂದೊಡನೆ ಉಸಿರು ಕಟ್ಟಿದಂತಾಗಿ ನಿಂತುಬಿಡುವುದನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರಬಹುದು. ನಮ್ಮ ಕಾಸರಗೋಡಿನ ನೆಲವೇ ಅಂಥದು. ಕರಾವಳಿಯ ಹೆದ್ದಾರಿಯನ್ನು ಬಿಟ್ಟು ಮೂಡಲಿಗೆ ತಿರುಗಿದರೆ ಸಾಕು, ಒಂದು ಬಯಲು, ಒಂದು ಗುಡ್ಡೆ, ಮತ್ತೊಂದು ತೋಡು, ಮತ್ತೊಂದು ಏರು. ಸೀತಾಂಗೋಳಿಯ ಕಡೆಗೆ ಹೋಗಲಿ, ಪೆರ್ಲದ ಕಡೆಗೆ ಹೋಗಲಿ, ಮುಳ್ಳೇರಿಯದ ಕಡೆಗೆ ಹೋಗಲಿ, ಹತ್ತಿ ಇಳಿಯದೆ ದಾರಿ ಸಾಗುವುದಿಲ್ಲ. ಗಾಡಿ ನಿಂತಾಗ ನಾವು ಆಡುವ ಮಾತು ಕೂಡ ಒಂದೇ. ಕನ್ನಡದಲ್ಲಿ "ಎಳೆಯುವುದಿಲ್ಲ" ಎನ್ನುತ್ತೇವೆ, ತುಳುವಿನಲ್ಲಿ "ಒಯ್ಪುಜಿ" ಎನ್ನುತ್ತೇವೆ, ಗ್ಯಾರೇಜಿಗೆ ಹೋಗಿ ಮಲಯಾಳದಲ್ಲಿ "ವಲಿಕ್ಕುನ್ನಿಲ್ಲ" ಎನ್ನುತ್ತೇವೆ. ಭಾಷೆ ಮೂರಾದರೂ ದೂರು ಒಂದೇ.

ಆದರೆ ಏಕೆ ಎಳೆಯುವುದಿಲ್ಲ ಎಂದು ಕ್ರಮವಾಗಿ ಯೋಚಿಸುವವರು ಕಡಿಮೆ. ಎಳೆಯದ ಗಾಡಿಯ ಎಂಜಿನು ಕೆಟ್ಟಿದೆ ಎಂದು ಮೊದಲೇ ತೀರ್ಮಾನಿಸಿ, ಕೈಯಲ್ಲಿದ್ದ ಹಣವನ್ನೆಲ್ಲ ಅದಕ್ಕೆ ಸುರಿದು, ಕೊನೆಗೆ ದೋಷ ಬೇರೆಲ್ಲೋ ಇತ್ತೆಂದು ತಿಳಿದು ಪರಿತಪಿಸುವವರೇ ಹೆಚ್ಚು. ಹೀಗೆ ಪರಿತಪಿಸಿದವರ ಪೈಕಿ ನಾವೂ ಒಬ್ಬರು. ನಾವು ಯಂತ್ರಶಾಸ್ತ್ರವನ್ನು ಅಭ್ಯಾಸ ಮಾಡಿದವರಲ್ಲ. ಟಿ.ಸಿ.ಎಚ್. ಮುಗಿಸಿ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳುವವರು. ಆದರೂ ಅಂದಿನ ಪ್ರಸಂಗದಿಂದ ನಾವು ಕಲಿತುದು ಇತರರಿಗೆ ಉಪಯೋಗವಾದೀತೆಂಬ ನಂಬಿಕೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಅಂದಿನ ಪ್ರಸಂಗ

2013ರ ಫೆಬ್ರವರಿ ತಿಂಗಳು. ನಮ್ಮೂರಿನ ಯಕ್ಷಗಾನ ಸಂಘದ ಬಯಲಾಟವೊಂದು ಒಳನಾಡಿನ ಹಳ್ಳಿಯೊಂದರಲ್ಲಿ ನಿಶ್ಚಯವಾಗಿತ್ತು. ಸಂಘಕ್ಕೆ ದಾನವಾಗಿ ಬಂದ ಒಂದು ಹಳೆಯ ಡೀಸೆಲ್ ವ್ಯಾನು ಇತ್ತು. ವೇಷಭೂಷಣದ ಪೆಟ್ಟಿಗೆಗಳೂ ಆರೇಳು ಮಂದಿಯೂ ವ್ಯಾನಿನಲ್ಲಿ. ದೀಪ ಹಾಗೂ ಧ್ವನಿವರ್ಧಕಕ್ಕೆಂದು ಬಾಡಿಗೆಗೆ ತಂದ ಜನರೇಟರು ಹಿಂದಿನ ಎರಡು ಚಕ್ರದ ಟ್ರೈಲರಿನಲ್ಲಿ. ವ್ಯಾನನ್ನು ನಡೆಸುತ್ತಿದ್ದವನು ನಮ್ಮಲ್ಲಿಯೇ ಹತ್ತನೆಯ ತರಗತಿಯವರೆಗೆ ಓದಿದ ಹುಡುಗ.

ಬದಿಯಡ್ಕವನ್ನು ದಾಟುವ ತನಕ ಯಾವ ತೊಂದರೆಯೂ ಇರಲಿಲ್ಲ. ಮುಂದೆ ಒಂದು ಉದ್ದನೆಯ ಏರಿನಲ್ಲಿ ವ್ಯಾನಿನ ಓಟ ಕುಗ್ಗುತ್ತ ಬಂದಿತು. ಹುಡುಗ ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಗೇರು ಇಳಿಸಿದ. ಆಕ್ಸಿಲರೇಟರನ್ನು ತಳದವರೆಗೆ ಒತ್ತಿದರೂ ಎಂಜಿನಿನ ಸದ್ದು ಏರಲಿಲ್ಲ. ತಿರುವಿನ ಹತ್ತಿರ ಎರಡು ಬಾರಿ ಕೆಮ್ಮಿದಂತೆ ಸದ್ದು ಮಾಡಿ ಅದು ನಿಂತೇಹೋಯಿತು. ಹ್ಯಾಂಡ್‌ಬ್ರೇಕು ವ್ಯಾನಿನ ಭಾರಕ್ಕೆ ಸಾಕಾಗುತ್ತಿತ್ತೇನೋ. ಟ್ರೈಲರಿನ ಭಾರವೂ ಸೇರಿದಾಗ ಸಾಲಲಿಲ್ಲ. ಗಾಡಿ ಹಿಂದಕ್ಕೆ ಜಾರತೊಡಗಿತು. ಟ್ರೈಲರು ಓರೆಯಾಗಿ ಚರಂಡಿಯ ಕಡೆಗೆ ತಿರುಗಿತು. ಚಕ್ರಕ್ಕೆ ಅಡೆಯಿಡಲು ಕಲ್ಲು ಹಿಡಿದು ಹಿಂದೆ ಓಡಿದ ಹದಿನಾಲ್ಕರ ಪೋರನೊಬ್ಬ ಕೊನೆಯ ಗಳಿಗೆಯಲ್ಲಿ ಬದಿಗೆ ಹಾರಿಕೊಂಡ. ಟ್ರೈಲರಿನ ಮೂಲೆ ಮುರಕಲ್ಲಿನ ದರೆಗೆ ಬಡಿದು ನಿಂತಿತು. ಹುಡುಗನ ಮೊಣಕೈ ತರಚಿತ್ತು, ಅಷ್ಟೇ. ಆ ದರೆ ಅಲ್ಲಿ ಇಲ್ಲದೆ ಇದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಹತ್ತು ಹದಿನೈದು ನಿಮಿಷ ಕಳೆದ ಮೇಲೆ ಎಂಜಿನು ಏನೂ ಆಗದಂತೆ ಚಾಲೂ ಆಯಿತು. ಅರ್ಧ ಕಿಲೋಮೀಟರು ಹೋಗಿ ಮತ್ತೆ ನಿಂತಿತು. ನಾವು ಜನರೇಟರಿನೊಡನೆ ತಲಪುವಾಗ ರಾತ್ರಿ ಹನ್ನೊಂದು ಕಳೆದಿತ್ತು. ಅಷ್ಟರಲ್ಲಿ ಊರಿನವರು ಯಾರದೋ ಮನೆಯ ಅಟ್ಟದಿಂದ ಎರಡು ಗ್ಯಾಸ್‌ಲೈಟುಗಳನ್ನು ಇಳಿಸಿ ಆಟವನ್ನು ಆರಂಭಿಸಿದ್ದರು.

ಮರುದಿನ ವ್ಯಾನನ್ನು ಗ್ಯಾರೇಜಿಗೆ ಒಯ್ದೆವು. ಪಂಪು ದುರ್ಬಲವಾಗಿದೆ, ಬಿಚ್ಚಬೇಕು ಎಂಬ ಉತ್ತರ ದೊರೆಯಿತು. ನಾವು ಬೇರೆ ಪ್ರಶ್ನೆ ಕೇಳಲಿಲ್ಲ. ಪಂಪು ಬಿಚ್ಚಿತು, ಜೋಡಿಸಿತು, ಸಂಘದ ನಿಧಿಯ ಬಹುಪಾಲು ಕರಗಿತು. ಪೇಟೆಯಲ್ಲಿ ಓಡಿಸಿ ನೋಡಿದಾಗ ಎಲ್ಲವೂ ಸರಿ. ಮುಂದಿನ ಆಟಕ್ಕೆ ಟ್ರೈಲರು ಕಟ್ಟಿಕೊಂಡು ಹೊರಟಾಗ ಅದೇ ಏರು, ಅದೇ ಕೆಮ್ಮು, ಅದೇ ನಿಲುಗಡೆ. ಸಂಘದ ಸಭೆಯಲ್ಲಿ ಎಲ್ಲರ ಕಣ್ಣೂ ಚಾಲಕನ ಮೇಲೆ ಬಿದ್ದಿತು. ಗಾಡಿಯ ಆರೈಕೆ ಅವನಿಗೆ ತಿಳಿಯದು, ಬೇರೆಯವರನ್ನು ನೋಡೋಣ ಎಂಬ ಮಾತು ಬಂದಿತು. ಅವನು ತಲೆ ತಗ್ಗಿಸಿ, "ಮಾಷ್ಟ್ರೇ, ಹತ್ತು ನಿಮಿಷ ನಿಲ್ಲಿಸಿದರೆ ಪುನಃ ಸರಿಯಾಗ್ತದೆ. ಅದು ಯಾಕೆ ಅಂತ ಯಾರೂ ನೋಡುವುದಿಲ್ಲ" ಎಂದ. ನಾವು ಸಹ ಆ ಮಾತಿಗೆ ಕಿವಿಗೊಡಲಿಲ್ಲ. ವಾಸ್ತವವಾಗಿ ರೋಗದ ಗುರುತು ಆ ಒಂದು ಮಾತಿನಲ್ಲಿಯೇ ಇತ್ತು.

ಏರಿನ ಲೆಕ್ಕ

ವಿಷಯಕ್ಕೆ ಹೋಗುವ ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಹೈಸ್ಕೂಲಿನ ಭೌತಶಾಸ್ತ್ರ ಓದಿದ ಯಾವ ವಿದ್ಯಾರ್ಥಿಯೂ ಇದನ್ನು ಮಾಡಬಲ್ಲನು.

ವ್ಯಾನು, ಅದರೊಳಗಿನ ಜನ ಮತ್ತು ಸಾಮಾನು ಸೇರಿ 2200 ಕಿಲೋ ಎಂದಿಟ್ಟುಕೊಳ್ಳೋಣ. ಟ್ರೈಲರೂ ಜನರೇಟರೂ ಸೇರಿ 800 ಕಿಲೋ. ಒಟ್ಟು 3000 ಕಿಲೋ. ಸಮತಟ್ಟಾದ ರಸ್ತೆಯಲ್ಲಿ ಚಕ್ರಗಳ ಉರುಳುವಿಕೆಗೆ ಬರುವ ತಡೆಯನ್ನು ಮೀರಲು ಸುಮಾರು 50 ಕಿಲೋಗ್ರಾಮಿನಷ್ಟು ಎಳೆತ ಸಾಕು. ಹತ್ತು ಅಡಿ ಮುಂದೆ ಹೋಗುವಷ್ಟರಲ್ಲಿ ಒಂದು ಅಡಿ ಮೇಲೇರುವ ರಸ್ತೆಗೆ ಬಂದಾಗ, ಭಾರದ ಹತ್ತನೆಯ ಒಂದು ಪಾಲನ್ನು, ಅಂದರೆ ಇನ್ನೂ 300 ಕಿಲೋಗ್ರಾಮನ್ನು, ಅದಕ್ಕೆ ಸೇರಿಸಬೇಕು. ಐವತ್ತು ಇದ್ದುದು ಮುನ್ನೂರ ಐವತ್ತಾಯಿತು!

ಒಂದು ಸೆಕೆಂಡಿನಲ್ಲಿ 75 ಕಿಲೋಗ್ರಾಮನ್ನು ಒಂದು ಮೀಟರು ಎತ್ತುವ ಸಾಮರ್ಥ್ಯವನ್ನು ಒಂದು ಅಶ್ವಶಕ್ತಿ ಎನ್ನುತ್ತಾರಷ್ಟೆ. ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಹೋಗುವಾಗ ಸಮತಟ್ಟಿನಲ್ಲಿ ಚಕ್ರಗಳಿಗೆ ಬೇಕಾಗುವುದು ಹೆಚ್ಚೆಂದರೆ 6 ಅಶ್ವಶಕ್ತಿ. ಅದೇ ವೇಗದಲ್ಲಿ ಆ ಏರನ್ನು ಹತ್ತಲು ಸುಮಾರು 39 ಬೇಕು. ಟ್ರೈಲರು ಇಲ್ಲದೆ ಹತ್ತಿದರೆ ಸುಮಾರು 28 ಸಾಕು. ಗಂಟೆಗೆ 15 ಕಿಲೋಮೀಟರಿನಲ್ಲಿ ಹತ್ತಿದರೆ ಟ್ರೈಲರು ಸಹಿತವಾಗಿಯೂ 20ರ ಒಳಗೆ ಮುಗಿಯುತ್ತದೆ.

ಈ ಲೆಕ್ಕದಿಂದ ಎರಡು ವಿಚಾರಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಹಳೆಯ ಎಂಜಿನಿನಲ್ಲಿ ಶಕ್ತಿ ಸ್ವಲ್ಪ ಕುಂದಿದ್ದರೂ ಪೇಟೆಯ ಓಡಾಟದಲ್ಲಿ ಅದು ನಮಗೆ ಗೊತ್ತಾಗುವುದಿಲ್ಲ. ಏರು ಮತ್ತು ಟ್ರೈಲರು ಒಟ್ಟು ಸೇರಿದಾಗ ಮಾತ್ರ ಬಯಲಿಗೆ ಬರುತ್ತದೆ. ಆದುದರಿಂದ ಟ್ರೈಲರು ಕಟ್ಟದೆ ಪೇಟೆಯಲ್ಲಿ ಓಡಿಸಿ "ಸರಿಯಾಗಿದೆ" ಎನ್ನುವುದು ಪರೀಕ್ಷೆಯೇ ಅಲ್ಲ. ಎರಡನೆಯದಾಗಿ, ಏರು ಆರಂಭವಾಗುವ ಮೊದಲೇ ಗೇರು ಇಳಿಸಿ ನಿಧಾನವಾಗಿ ಹತ್ತುವವನಿಗೆ ಅರ್ಧ ಶಕ್ತಿಯಲ್ಲಿ ಕೆಲಸ ಆಗುತ್ತದೆ. ಎಂಜಿನು ಗುದ್ದಾಡತೊಡಗಿದ ಮೇಲೆ ಗೇರು ಇಳಿಸುವುದು ತಡವಾದ ಬುದ್ಧಿ.

ಟ್ರೈಲರಿನಿಂದ ಆರಂಭಿಸಬೇಕು

ಎರಡನೆಯ ಸಲ ವ್ಯಾನು ನಿಂತ ಮೇಲೆ, ಲಾರಿಗಳ ಕೆಲಸದಲ್ಲಿ ತಲೆ ನರೆಸಿ ಈಗ ಮನೆಯಲ್ಲಿರುವ ಒಬ್ಬ ವೃದ್ಧ ಮೇಸ್ತ್ರಿಯನ್ನು ಯಾರೋ ಕರೆತಂದರು. ಅವರು ಮಲಯಾಳಿ, ನಮ್ಮೊಡನೆ ಅರ್ಧ ಕನ್ನಡ, ಅರ್ಧ ಮಲಯಾಳದಲ್ಲಿ ಮಾತಾಡುತ್ತಿದ್ದರು. ಬಂದವರು ಎಂಜಿನಿನ ಮುಚ್ಚಳವನ್ನು ಮುಟ್ಟಲೇ ಇಲ್ಲ. ನೇರವಾಗಿ ಹಿಂದೆ ಹೋಗಿ ಟ್ರೈಲರಿನ ಎರಡು ಚಕ್ರಗಳ ನಡುಗುಂಬದ ಹತ್ತಿರ ಅಂಗೈ ಹಿಡಿದು ನೋಡಿದರು.

ಇದೇ ಮೊದಲ ಹೆಜ್ಜೆ. ಎಳೆಯುವವನಲ್ಲಿ ಬಲವಿಲ್ಲವೋ, ಎಳೆಸಿಕೊಳ್ಳುವುದು ಬಿಗಿಯಾಗಿದೆಯೋ ಎಂಬುದನ್ನು ಮೊದಲು ಬೇರ್ಪಡಿಸಬೇಕು. ಟ್ರೈಲರಿನ ಬೇರಿಂಗಿನಲ್ಲಿ ಗ್ರೀಸು ಒಣಗಿದ್ದರೆ, ಬೇರಿಂಗನ್ನು ಅತಿಯಾಗಿ ಬಿಗಿದಿದ್ದರೆ, ಬ್ರೇಕು ಇರುವ ಟ್ರೈಲರಿನಲ್ಲಿ ಅದು ಬಿಡದೆ ಅಂಟಿಕೊಂಡಿದ್ದರೆ ಆ ಚಕ್ರ ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗುತ್ತದೆ. ಕೈಯನ್ನು ದೂರದಿಂದ ಮೆಲ್ಲನೆ ಹತ್ತಿರ ತರಬೇಕು. ಸುಡುವ ಲೋಹವನ್ನು ಒಮ್ಮೆಗೇ ಹಿಡಿಯಬಾರದು. ವ್ಯಾನಿನ ನಾಲ್ಕು ಚಕ್ರಗಳನ್ನೂ ಇದೇ ರೀತಿ ನೋಡಬೇಕು. ತಿಂಗಳುಗಟ್ಟಲೆ ಮಳೆಯಲ್ಲಿ ನಿಂತ ಟ್ರೈಲರಿನಲ್ಲಿ ಈ ದೋಷಗಳು ಸಾಮಾನ್ಯ. ಟೈರಿನ ಗಾಳಿ ಇಳಿದಿದ್ದರೂ ಎಳೆತ ಭಾರವಾಗುತ್ತದೆ. ಟ್ರೈಲರಿಗೆ ಗಾಳಿ ತುಂಬಿಸುವ ನೆನಪು ಯಾರಿಗೂ ಇರುವುದಿಲ್ಲ ಎಂಬುದು ಬೇರೆ ಮಾತು.

ಅನಂತರ ಟ್ರೈಲರನ್ನು ಬಿಚ್ಚಿ, ಸಮತಟ್ಟಾದ ನೆಲದಲ್ಲಿ ಇಬ್ಬರು ತಳ್ಳಿ ನೋಡಬೇಕು. ಸುಲಭವಾಗಿ ಉರುಳಿದರೆ ಟ್ರೈಲರು ನಿರ್ದೋಷಿ. ನಮ್ಮದು ಉರುಳಿತು.

ಹೊಗೆ ಹೇಳುವ ಮಾತು

ಮೇಸ್ತ್ರಿ ಕೇಳಿದ ಎರಡನೆಯ ಪ್ರಶ್ನೆ: "ನಿಲ್ಲುವ ಮೊದಲು ಹೊಗೆ ಯಾವ ಬಣ್ಣ ಇತ್ತು?" ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಾಲಕ ಹುಡುಗ ಮಾತ್ರ, "ಹೊಗೆಯೇ ಇರಲಿಲ್ಲ" ಎಂದ. ಮುದುಕರು ಮೊದಲ ಬಾರಿಗೆ ಅವನ ಮುಖವನ್ನು ನೋಡಿ ತಲೆಯಾಡಿಸಿದರು.

ಡೀಸೆಲ್ ಎಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮಿದಾಗ ಅದು ಡೀಸೆಲನ್ನು ತಾನಾಗಿ ಹೊತ್ತಿಸುವಷ್ಟು ಕಾಯುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು ಈ ತತ್ವದ ಮೇಲೆ ಯಶಸ್ವಿಯಾಗಿ ಎಂಜಿನನ್ನು ಓಡಿಸಿ ತೋರಿಸಿದ್ದು 1897ರಲ್ಲಿ. ಆದುದರಿಂದ ಅದರ ಶಕ್ತಿಗೆ ಬೇಕಾದುದು ಮೂರೇ: ಸಾಕಷ್ಟು ಗಾಳಿ, ಸಾಕಷ್ಟು ಡೀಸೆಲ್, ಸಾಕಷ್ಟು ಅದುಮುವಿಕೆ. ಇವುಗಳಲ್ಲಿ ಯಾವುದು ಕೊರತೆಯಾಗಿದೆ ಎಂಬುದನ್ನು ಹೊಗೆ ಹೇಳಿಬಿಡುತ್ತದೆ.

ಕಪ್ಪು ಹೊಗೆ ದಟ್ಟವಾಗಿ ಬಂದರೆ, ಬಂದ ಡೀಸೆಲನ್ನು ಪೂರ್ಣವಾಗಿ ಉರಿಸಲು ಗಾಳಿ ಸಾಲದು ಎಂದರ್ಥ. ಗಾಳಿ ಶೋಧಕ ಕಟ್ಟಿರಬಹುದು, ಇಂಜೆಕ್ಟರು ಸರಿಯಾಗಿ ಸಿಂಪಡಿಸದಿರಬಹುದು, ಅಥವಾ ಭಾರವೇ ಅತಿಯಾಗಿರಬಹುದು. ಎಂಜಿನು ಬಿಸಿಯಾದ ಮೇಲೆಯೂ ಬಿಳಿ ಹೊಗೆ ಬರುತ್ತಿದ್ದರೆ, ಡೀಸೆಲ್ ಉರಿಯದೆ ಹೋಗುತ್ತಿದೆ ಇಲ್ಲವೇ ತಂಪು ಮಾಡುವ ನೀರು ಒಳಗೆ ಸೇರುತ್ತಿದೆ. ನೀಲಿ ಹೊಗೆ ಎಂಜಿನ್ ಆಯಿಲು ಉರಿಯುತ್ತಿರುವುದರ ಗುರುತು, ಸವೆತದ ಸೂಚನೆ. ಆದರೆ ಆಕ್ಸಿಲರೇಟರನ್ನು ಪೂರ್ಣ ಒತ್ತಿದಾಗ ಶಕ್ತಿಯೂ ಇಲ್ಲ, ಹೊಗೆಯೂ ಇಲ್ಲ ಎಂದಾದರೆ? ಒಲೆಗೆ ಸೌದೆಯೇ ಬೀಳುತ್ತಿಲ್ಲ ಎಂದಲ್ಲವೇ? ಡೀಸೆಲ್ ಬರುತ್ತಿಲ್ಲ.

ಖರ್ಚಿಲ್ಲದ ಪರೀಕ್ಷೆಗಳು

ಇಷ್ಟು ತಿಳಿದ ಮೇಲೂ ಮೇಸ್ತ್ರಿ ಸ್ಪಾನರು ಹಿಡಿಯಲಿಲ್ಲ. ದುಡ್ಡು ಬೇಡದ ಪರೀಕ್ಷೆಗಳನ್ನು ಮೊದಲು ಮುಗಿಸಬೇಕೆಂಬುದು ಅವರ ಪಾಠ. ಅವುಗಳನ್ನು ಅವರು ಮಾಡಿದ ಕ್ರಮದಲ್ಲಿಯೇ ಇಲ್ಲಿ ಕೊಡುತ್ತೇವೆ.

ಮೊದಲನೆಯದು ಕ್ಲಚ್. ಏರಿನಲ್ಲಿ ಎಂಜಿನಿನ ಸದ್ದು ಏರುತ್ತದೆ, ಆದರೆ ವೇಗ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ ಎಂದಾದರೆ ಎಂಜಿನಿನಲ್ಲಿ ದೋಷವಿಲ್ಲ, ಕ್ಲಚ್ ಜಾರುತ್ತಿದೆ. ನಮ್ಮಲ್ಲಿ ಸದ್ದೇ ಏರದಿದ್ದುದರಿಂದ ಇದು ಅಲ್ಲವೆಂದಾಯಿತು.

ಎರಡನೆಯದು ಆಕ್ಸಿಲರೇಟರಿನ ತಂತಿ. ಎಂಜಿನನ್ನು ನಿಲ್ಲಿಸಿ, ಒಬ್ಬನು ಪೆಡಲನ್ನು ಪೂರ್ಣ ಒತ್ತಿ ಹಿಡಿಯಬೇಕು. ಇನ್ನೊಬ್ಬನು ಪಂಪಿನ ಮೇಲಿನ ಸನ್ನೆ ತನ್ನ ಕೊನೆಯ ತನಕ ಹೋಗುತ್ತದೆಯೇ ಎಂದು ನೋಡಬೇಕು. ತಂತಿ ಸಡಿಲವಾಗಿದ್ದರೆ, ಪೆಡಲಿನ ಕೆಳಗೆ ಮ್ಯಾಟು ಮಡಚಿಕೊಂಡಿದ್ದರೆ ಪೆಡಲು ತಳ ಮುಟ್ಟಿದರೂ ಪಂಪಿಗೆ ಅರ್ಧ ಆಜ್ಞೆಯಷ್ಟೇ ತಲಪುತ್ತದೆ. ಎಷ್ಟು ಚಿಕ್ಕ ವಿಷಯ! ಆದರೆ ಇದಕ್ಕಾಗಿ ಎಂಜಿನು ಬಿಚ್ಚಿಸಿದವರಿದ್ದಾರೆಂದು ಮೇಸ್ತ್ರಿ ನಕ್ಕರು.

ಮೂರನೆಯದು ಗಾಳಿ ಶೋಧಕ. ಒಂದು ಲೀಟರು ಡೀಸೆಲ್ ಉರಿಯಲು ಸುಮಾರು ಹತ್ತು ಸಾವಿರ ಲೀಟರು ಗಾಳಿ ಬೇಕು. ಬೇಸಗೆಯಲ್ಲಿ ನಮ್ಮ ಒಳದಾರಿಗಳ ಕೆಂಪು ಧೂಳು ಎಂಥದೆಂದು ಬಿಳಿ ಪಂಚೆ ಉಟ್ಟವರಿಗೆ ಹೇಳಬೇಕಾಗಿಲ್ಲ. ಕಾಗದದ ಶೋಧಕವಾದರೆ ಬದಲಾಯಿಸಬೇಕು; ಹಳೆಯ ಎಣ್ಣೆ ಬಟ್ಟಲಿನ ಶೋಧಕವಾದರೆ ಕೆಸರಾದ ಎಣ್ಣೆಯನ್ನು ಚೆಲ್ಲಿ ತೊಳೆದು ಗುರುತಿನವರೆಗೆ ಹೊಸ ಎಣ್ಣೆ ಹಾಕಬೇಕು. ಶೋಧಕವನ್ನು ತೆಗೆದಿಟ್ಟು ಗಾಡಿ ಓಡಿಸುವ ಪರೀಕ್ಷೆಯನ್ನು ಮಾತ್ರ ಯಾರೂ ಮಾಡಬಾರದು. ಧೂಳು ಒಳಹೊಕ್ಕರೆ ಸಿಲಿಂಡರುಗಳು ಸವೆದುಹೋಗುತ್ತವೆ.

ನಾಲ್ಕನೆಯದು ಬಿಸಿ. ಉಷ್ಣತೆಯ ಮುಳ್ಳು ಕೆಂಪಿಗೆ ಹೋಗಿದ್ದರೆ ಮುಂದಿನ ಯಾವ ಪರೀಕ್ಷೆಯೂ ಬೇಡ. ಗಾಡಿಯನ್ನು ನಿಲ್ಲಿಸಿ ತಣಿಯಲು ಬಿಡಬೇಕು. ಕುದಿಯುವ ರೇಡಿಯೇಟರಿನ ಮುಚ್ಚಳ ತೆರೆದು ಮುಖ ಸುಟ್ಟುಕೊಂಡವರ ಉದಾಹರಣೆಗಳು ಬೇಕಾದಷ್ಟಿವೆ.

ಐದನೆಯದು ಡೀಸೆಲ್ ಶೋಧಕ. ಅದರ ತಳದ ತಿರುಪನ್ನು ಸಡಿಲಿಸಿ ಸ್ವಲ್ಪ ಡೀಸೆಲನ್ನು ಗಾಜಿನ ಲೋಟಕ್ಕೆ ಇಳಿಸಿದರೆ ನೀರು ಇದ್ದರೆ ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ಹಳೆಯ ಟ್ಯಾಂಕಿನ ತುಕ್ಕೂ ಇಲ್ಲಿಗೇ ಬಂದು ಸೇರುವುದು. ಶೋಧಕವನ್ನು ಬದಲಾಯಿಸಿದರೆ ಕೈಪಂಪನ್ನು ಒತ್ತಿ, ಗುಳ್ಳೆಯಿಲ್ಲದ ಡೀಸೆಲ್ ಹೊರಬರುವ ತನಕ ಗಾಳಿಯನ್ನು ತೆಗೆಯಬೇಕು. ಕೊಳವೆಯಲ್ಲಿ ಎಲ್ಲಾದರೂ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರದೆಯೂ ಗಾಳಿ ಒಳಗೆ ಸೇರಬಹುದು. ನಡುವೆ ಒಂದು ಪಾರದರ್ಶಕ ಕೊಳವೆಯ ತುಂಡನ್ನು ಜೋಡಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ.

ಇಷ್ಟೂ ನಮ್ಮ ವ್ಯಾನಿನಲ್ಲಿ ಸರಿಯಾಗಿಯೇ ಇತ್ತು.

ಡಬ್ಬಿಯ ಎರಡನೆಯ ತೂತು

ಆಗ ಮೇಸ್ತ್ರಿ ಐದು ಲೀಟರಿನ ಒಂದು ಶುಭ್ರವಾದ ಕ್ಯಾನಿನಲ್ಲಿ ಡೀಸೆಲ್ ತರಿಸಿದರು. ಅದನ್ನು ಎತ್ತರದಲ್ಲಿ ಭದ್ರವಾಗಿ ಕಟ್ಟಿ, ಅದರಿಂದ ಒಂದು ಕೊಳವೆಯನ್ನು ನೇರವಾಗಿ ಎಂಜಿನಿನ ಕಡೆಗೆ ಎಳೆದರು. ಪಂಪಿನಿಂದ ಮರಳಿ ಬರುವ ಕೊಳವೆಯನ್ನೂ ಕ್ಯಾನಿಗೇ ತಿರುಗಿಸಿದರು. ಅಂದರೆ ವ್ಯಾನಿನ ಸ್ವಂತ ಟ್ಯಾಂಕಿಗೂ ಎಂಜಿನಿಗೂ ಸಂಬಂಧ ಕಡಿದಂತಾಯಿತು. "ಇನ್ನು ಟ್ರೈಲರ್ ಕಟ್ಟು, ಹತ್ತಿಸು" ಎಂದರು. ವ್ಯಾನು ಆ ಏರನ್ನು ಎರಡನೆಯ ಗೇರಿನಲ್ಲಿ ಒಂದೇ ಉಸಿರಿಗೆ ಹತ್ತಿತು. ಪಂಪು ಸರಿಯಾಗಿದೆ, ಇಂಜೆಕ್ಟರು ಸರಿಯಾಗಿದೆ, ಎಂಜಿನು ಸರಿಯಾಗಿದೆ ಎಂಬುದು ಒಂದು ಕ್ಯಾನಿನಿಂದ ಸಿದ್ಧವಾಯಿತು. ದೋಷ ಟ್ಯಾಂಕಿನ ಕಡೆಗಿತ್ತು. ಇದನ್ನು ಡೀಸೆಲ್ ಗಾಡಿಯಲ್ಲಿ, ಅದೂ ಅನುಭವಿಗಳು ಮಾತ್ರ ಮಾಡಬಹುದು. ಪೆಟ್ರೋಲ್ ಗಾಡಿಯಲ್ಲಿ ಹೀಗೆ ಮಾಡುವುದು ಬೆಂಕಿಯನ್ನು ಆಹ್ವಾನಿಸಿದಂತೆ.

ಕೊಳವೆಗಳನ್ನು ಮೊದಲಿನಂತೆ ಜೋಡಿಸಿ ಪುನಃ ಹೊರಟೆವು. ಏರಿನಲ್ಲಿ ಎಂಜಿನು ಕೆಮ್ಮತೊಡಗಿದೊಡನೆ ಮೇಸ್ತ್ರಿ ಗಾಡಿಯನ್ನು ನಿಲ್ಲಿಸಲು ಹೇಳಿ, ಚಕ್ರಗಳಿಗೆ ಅಡೆಯಿಡಿಸಿ, ಇಳಿದು ಹೋಗಿ ಡೀಸೆಲ್ ಟ್ಯಾಂಕಿನ ಮುಚ್ಚಳವನ್ನು ತಿರುಗಿಸಿದರು. "ಉಸ್ಸ್" ಎಂದು ಗಾಳಿ ಒಳಗೆ ನುಗ್ಗಿದ ಸದ್ದು ನಮಗೆಲ್ಲ ಕೇಳಿಸಿತು. ಮುಚ್ಚಳವನ್ನು ಮೇಲೆತ್ತಿ ಹಿಡಿದು, "ಮಾಷೇ, ಇದಕ್ಕೆ ಈ ರಬ್ಬರು ಹಾಕಿದವರು ಯಾರು?" ಎಂದು ಕೇಳಿದರು.

ಹಾಕಿಸಿದವರು ನಾವೇ! ಹಿಂದಿನ ಮಳೆಗಾಲದಲ್ಲಿ ಟ್ಯಾಂಕಿಗೆ ಮಳೆನೀರು ಇಳಿಯುತ್ತದೆಂದು ಚಾಲಕ ಹುಡುಗ ಹೇಳಿದಾಗ, ಸೈಕಲ್ ಟ್ಯೂಬಿನ ರಬ್ಬರನ್ನು ಕತ್ತರಿಸಿ ಮುಚ್ಚಳದೊಳಗೆ ಬಿಗಿಯಾಗಿ ಕೂರಿಸುವಂತೆ ಸಲಹೆ ಕೊಟ್ಟವರು ನಾವು. ಮುಚ್ಚಳದಲ್ಲಿದ್ದ ಸೂಜಿಮೊನೆಯಷ್ಟು ಚಿಕ್ಕ ತೂತು ಅದರಿಂದ ಮುಚ್ಚಿಹೋಗಿತ್ತು.

ಎಣ್ಣೆಯ ಡಬ್ಬಿಗೆ ಒಂದೇ ತೂತು ಮಾಡಿ ಬಗ್ಗಿಸಿದರೆ ಎಣ್ಣೆ ಸರಿಯಾಗಿ ಬೀಳುವುದಿಲ್ಲ. ಎದುರು ಬದಿಗೆ ಇನ್ನೊಂದು ತೂತು ಮಾಡಿದರೆ ಧಾರೆಯಾಗಿ ಸುರಿಯುತ್ತದೆ. ಇದು ಅಡಿಗೆಮನೆಯಲ್ಲಿ ನಮ್ಮ ತಾಯಂದಿರಿಗೆಲ್ಲ ಗೊತ್ತು. ವಾಯುವಿನ ಒತ್ತಡದ ಪಾಠದಲ್ಲಿ ಇದೇ ಉದಾಹರಣೆಯನ್ನು ನಾವು ಪ್ರತಿ ವರ್ಷವೂ ಮಕ್ಕಳಿಗೆ ಹೇಳುತ್ತೇವೆ. ಟ್ಯಾಂಕಿನಿಂದ ಎಷ್ಟು ಡೀಸೆಲ್ ಹೋಗುತ್ತದೆಯೋ ಅಷ್ಟು ಗಾಳಿ ಅದರ ಸ್ಥಾನಕ್ಕೆ ಬರಬೇಕು. ಬಾರದಿದ್ದರೆ ಒಳಗೆ ನಿರ್ವಾತ ಉಂಟಾಗಿ ಡೀಸೆಲ್ ಹೊರಡಲು ಒಪ್ಪುವುದಿಲ್ಲ. ಪೇಟೆಯಲ್ಲಿ ಓಡುವಾಗ ಡೀಸೆಲಿನ ಖರ್ಚು ಕಡಿಮೆ; ರಬ್ಬರಿನ ಸಂದಿಯಿಂದ ನುಸುಳಿದ ಗಾಳಿಯೇ ಸಾಕಾಗುತ್ತಿತ್ತು. ಟ್ರೈಲರು ಕಟ್ಟಿ ಏರು ಹತ್ತುವಾಗ ಖರ್ಚು ಹಲವು ಪಟ್ಟು ಹೆಚ್ಚುತ್ತದೆ. ನುಸುಳುವ ಗಾಳಿ ಸಾಲುವುದಿಲ್ಲ. ಹತ್ತು ನಿಮಿಷ ನಿಲ್ಲಿಸಿದರೆ ಗಾಳಿ ಮೆಲ್ಲನೆ ಒಳಸೇರಿ ಎಂಜಿನು ಪುನಃ ಸರಿಯಾಗುತ್ತದೆ. ಹುಡುಗ ಹೇಳಿದ ಒಂದೊಂದು ಮಾತೂ ನಿಜವಾಗಿತ್ತು. ವರ್ಷ ವರ್ಷವೂ ಪಾಠ ಹೇಳಿದ ನಮಗೆ ಅದು ಹೊಳೆಯಲಿಲ್ಲ.

ರಬ್ಬರನ್ನು ತೆಗೆದು, ತೂತನ್ನು ತಂತಿಯಿಂದ ಬಿಡಿಸಿದರು. ಖರ್ಚು ಸೊನ್ನೆ. ಮಳೆನೀರಿಗೆ ಬೇರೆ ಉಪಾಯವಾಗಿ ಮುಚ್ಚಳದ ಮೇಲ್ಗಡೆ ಒಂದು ತಗಡಿನ ಮಾಡು ಇಳಿಸಿದೆವು.

ಪಂಪನ್ನು ಕೊನೆಗೆ ಮುಟ್ಟಬೇಕು

ಪಂಪು ಎಂದೂ ಕೆಡುವುದಿಲ್ಲವೆಂದು ನಾವು ಹೇಳುತ್ತಿಲ್ಲ. ಮೇಲಿನ ಪರೀಕ್ಷೆಗಳೆಲ್ಲ ಮುಗಿದ ಮೇಲೆಯೂ, ಕ್ಯಾನಿನಿಂದ ಡೀಸೆಲ್ ಕೊಟ್ಟ ಮೇಲೆಯೂ ಗಾಡಿ ಎಳೆಯದಿದ್ದರೆ ಆಗ ಪಂಪು, ಇಂಜೆಕ್ಟರು, ಅದುಮುವಿಕೆಯ ಒತ್ತಡ, ಹೊಗೆಕೊಳವೆಯ ಒಳಗಿನ ಕಟ್ಟುವಿಕೆ ಇವುಗಳನ್ನು ತಜ್ಞರಿಂದ ಪರೀಕ್ಷಿಸಲೇಬೇಕು. ನಮ್ಮ ದೇಶದ ಹಳೆಯ ಡೀಸೆಲ್ ಗಾಡಿಗಳಲ್ಲಿ ಅನೇಕಕ್ಕೆ ಈ ಪಂಪು ಬಂದುದು ಬೆಂಗಳೂರಿನ ಮೈಕೋ ಕಾರ್ಖಾನೆಯಿಂದ. 1951ರಲ್ಲಿ ಸ್ಥಾಪನೆಗೊಂಡ ಆ ಸಂಸ್ಥೆ 2008ರಲ್ಲಿ ಬಾಷ್ ಎಂಬ ಹೆಸರನ್ನು ತಳೆಯಿತು. ಅಂಥ ಪಂಪಿನ ಒಳಭಾಗಗಳ ನಡುವಣ ಅಂತರ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ಧೂಳಿನ ಮೇಜಿನ ಮೇಲೆ ಬಿಚ್ಚಿಟ್ಟರೆ ಒಳ್ಳೆಯ ಪಂಪೂ ಕೆಡುತ್ತದೆ. ಅಗತ್ಯವಿದ್ದಾಗ, ಅಳತೆ ಮಾಡುವ ಸಲಕರಣೆ ಇರುವ ಕಡೆಯಲ್ಲಿ ಮಾತ್ರ ಬಿಚ್ಚಿಸಬೇಕು.

ಇದು ಹಳೆಯ, ಯಾಂತ್ರಿಕ ಪಂಪಿನ ಗಾಡಿಗಳ ಮಾತು. ಇಂದಿನ ವ್ಯಾನುಗಳಲ್ಲಿ ಡೀಸೆಲನ್ನು ಎಲೆಕ್ಟ್ರಾನಿಕ್ ಸಾಧನ ನಿಯಂತ್ರಿಸುತ್ತದೆ. ಅಲ್ಲಿ ಕೊಳವೆಗಳ ಒತ್ತಡ ಬಹಳ ಹೆಚ್ಚು. ಅವುಗಳ ಡೀಸೆಲ್ ಕೊಳವೆಗೆ ಮನೆಯಲ್ಲಿ ಕೈಹಾಕಬಾರದು.

ಗಾಡಿಗಿಂತ ಜೀವ ದೊಡ್ಡದು

ಏರಿನಲ್ಲಿ ಎಂಜಿನು ನಿಂತಾಗ ಮಾಡಬೇಕಾದುದನ್ನು ಇಲ್ಲಿ ಹೇಳದೆ ಮುಗಿಸಿದರೆ ಈ ಲೇಖನ ಅಪೂರ್ಣವಾದೀತು.

ಎಂಜಿನು ನಿಂತೊಡನೆ ಬ್ರೇಕಿಗೆ ನೆರವಾಗುವ ನಿರ್ವಾತದ ಶಕ್ತಿಯೂ ನಿಲ್ಲುತ್ತದೆ. ಎರಡು ಮೂರು ಸಲ ಒತ್ತಿದ ಮೇಲೆ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ. ಆದುದರಿಂದ ಬ್ರೇಕನ್ನು ಮತ್ತೆ ಮತ್ತೆ ತುಳಿಯದೆ ಒಮ್ಮೆ ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಹ್ಯಾಂಡ್‌ಬ್ರೇಕನ್ನು ಎಳೆಯಬೇಕು, ಒಂದನೆಯ ಗೇರಿನಲ್ಲಿ ಬಿಡಬೇಕು. ಅಡೆಗೆಂದು ದಪ್ಪನೆಯ ಮರದ ತುಂಡುಗಳನ್ನು ಗಾಡಿಯಲ್ಲಿ ಯಾವಾಗಲೂ ಇಟ್ಟುಕೊಳ್ಳಬೇಕು. ಆ ಹೊತ್ತಿಗೆ ಕಲ್ಲು ಹುಡುಕಲು ಓಡಬಾರದು. ಅಡೆಯನ್ನು ಇಡುವವನು ದೊಡ್ಡವನಾಗಿರಬೇಕು, ಬದಿಯಿಂದ ಇಡಬೇಕು. ಟ್ರೈಲರಿನ ಹಿಂದೆಯಾಗಲಿ, ವ್ಯಾನಿಗೂ ಟ್ರೈಲರಿಗೂ ನಡುವೆಯಾಗಲಿ ಯಾರೂ ನಿಲ್ಲಬಾರದು. ಹಿಂದಕ್ಕೆ ಜಾರುವ ಟ್ರೈಲರು ನೇರವಾಗಿ ಬರುವುದಿಲ್ಲ. ಕತ್ತರಿಯಂತೆ ಮಡಚಿಕೊಂಡು ಅಡ್ಡ ತಿರುಗುತ್ತದೆ.

ಹೊರಡುವಾಗ ಕೊಂಡಿಯ ಜತೆಗೆ ಸುರಕ್ಷೆಯ ಸರಪಳಿಯನ್ನೂ ಕಟ್ಟಬೇಕು. ಟ್ರೈಲರಿನಲ್ಲಿ ಭಾರ ಹಿಂದಕ್ಕೆ ವಾಲದಂತೆ, ಸ್ವಲ್ಪ ಮುಂದಕ್ಕೆ ಇರುವಂತೆ ಹೇರಬೇಕು. ಹತ್ತಿದ ಗೇರಿನಲ್ಲಿಯೇ ಇಳಿಯಬೇಕು. ಡೀಸೆಲ್ ಉಳಿಸುವ ಆಸೆಯಿಂದ ನ್ಯೂಟ್ರಲ್‌ನಲ್ಲಿ ಬಿಡುವುದು ಆತ್ಮಘಾತ. 1988ರ ಮೋಟಾರು ವಾಹನ ಕಾಯಿದೆಯಂತೆ ಟ್ರೈಲರಿಗೂ ನೋಂದಣಿ ಬೇಕೆಂಬುದನ್ನು ಸಂಘಸಂಸ್ಥೆಗಳವರು ಮರೆಯಬಾರದು.

ಕೊನೆಯದಾಗಿ ಒಂದು ಮಾತು. ಮುಂದಿನ ಸಭೆಯಲ್ಲಿ ನಾವು ಎದ್ದುನಿಂತು, ದೋಷ ಚಾಲಕನದಲ್ಲ, ನಮ್ಮದು ಎಂದು ಒಪ್ಪಿಕೊಂಡೆವು. ಹಳೆಯ ವಿದ್ಯಾರ್ಥಿಯ ಮುಂದೆ ಹಾಗೆ ಹೇಳುವುದು ಸುಲಭವಾಗಿರಲಿಲ್ಲ. ಅವನು, "ಇರಲಿ ಬಿಡಿ ಮಾಷ್ಟ್ರೇ" ಎಂದಷ್ಟೇ ಹೇಳಿದ. ಆ ವರ್ಷದ ಉಳಿದ ಆಟಗಳಿಗೆಲ್ಲ ವ್ಯಾನು ನಡೆಸಿದವನು ಅವನೇ. ಗಾಡಿ ಎಳೆಯದಿದ್ದಾಗ ಸ್ಪಾನರು ಎತ್ತುವ ಮೊದಲು, ದಿನವೂ ಅದರ ಮೇಲೆ ಕುಳಿತವನು ಏನು ಹೇಳುತ್ತಾನೆಂದು ಕೇಳಬೇಕು. ಅನಂತರ ಟ್ರೈಲರಿನಿಂದ ಆರಂಭಿಸಿ, ಖರ್ಚಿಲ್ಲದ್ದರಿಂದ ಖರ್ಚಿನದಕ್ಕೆ ಹೋಗಬೇಕು. ಟ್ಯಾಂಕಿನ ಮುಚ್ಚಳವನ್ನು ಒಮ್ಮೆ ತೆರೆದು ಕಿವಿಗೊಡುವುದಕ್ಕೆ ಯಾರೂ ಹಣ ಕೇಳುವುದಿಲ್ಲ.